ನಿಮಿಷಕ್ಕೆ ಆರು ಉಸಿರು: ಪ್ರಾಣಾಯಾಮದ ಬಗ್ಗೆ ಸಂಶಯವಾದಿಯೊಬ್ಬನ ಟಿಪ್ಪಣಿ

ದೀರ್ಘವಾಗಿ ಉಸಿರಾಡಿದರೆ ದೇಹದ ಪ್ರತಿಯೊಂದು ಜೀವಕೋಶಕ್ಕೂ ಹೆಚ್ಚು ಆಮ್ಲಜನಕ ಸಿಗುತ್ತದೆ, ಅದರಿಂದ ರೋಗಗಳು ದೂರವಾಗುತ್ತವೆ ಎಂಬ ಮಾತು ಪ್ರಾಣಾಯಾಮ ಶಿಬಿರಗಳಲ್ಲಿ ಮೊದಲ ದಿನವೇ ಕಿವಿಗೆ ಬೀಳುತ್ತದೆ. ಕೇಳಲು ಸೊಗಸಾದ ಈ ಮಾತು ಶರೀರಶಾಸ್ತ್ರಕ್ಕೆ ಮಾತ್ರ ಒಗ್ಗುವುದಿಲ್ಲ. ಆರೋಗ್ಯವಂತರು ಸುಮ್ಮನೆ ಕುಳಿತಿರುವಾಗಲೂ ಅವರ ಅಪಧಮನಿಗಳ ಹಿಮೋಗ್ಲೋಬಿನ್ ಶೇ. 95ಕ್ಕೂ ಮೀರಿ ಆಮ್ಲಜನಕವನ್ನು ಹೊತ್ತಿರುತ್ತದೆ; ಕೋವಿಡ್ ಕಾಲದಲ್ಲಿ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿಕೊಂಡು ನೋಡಿದವರಿಗೆಲ್ಲ ಇದು ಗೊತ್ತಿರುವ ಸಂಗತಿ. ಉಳಿದ ಎರಡು ಮೂರು ಅಂಶಗಳಿಗಾಗಿ ಎಷ್ಟು ಹೆಣಗಿದರೂ ಸಿಗುವ ಲಾಭ ನಗಣ್ಯ. ಜೋರಾಗಿ, ವೇಗವಾಗಿ ಉಸಿರಾಡಿದಾಗ ನಿಜವಾಗಿ ಬದಲಾಗುವುದು ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡಿನ ಪ್ರಮಾಣ. ಅದು ಇಳಿದೊಡನೆ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರಾದಂತೆನಿಸುತ್ತದೆ, ಬೆರಳ ತುದಿಗಳು ಜುಮ್ಮೆನ್ನುತ್ತವೆ. ಮೆದುಳಿಗೆ ಹರಿಯುವ ರಕ್ತ ಕಡಿಮೆಯಾದ ಈ ಸ್ಥಿತಿಯನ್ನೇ ಶಕ್ತಿಸಂಚಾರವೆಂದು ಬಣ್ಣಿಸುವವರಿಗೆ ನಮ್ಮಲ್ಲಿ ಬರವಿಲ್ಲ.

ಆಮ್ಲಜನಕದ ಈ ಕಥೆಯನ್ನು ಬಹು ಹಿಂದೆಯೇ ಅಲ್ಲಗಳೆದವರು ಯೋಗದ ಒಳಗಿನವರೇ ಎಂಬುದು ಸ್ವಾರಸ್ಯದ ವಿಷಯ. 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಆಸನ, ಕ್ರಿಯೆಗಳನ್ನು ಎಕ್ಸ್‌ರೇ ಮತ್ತು ಒತ್ತಡಮಾಪಕಗಳ ಮುಂದೆ ನಿಲ್ಲಿಸಿ ಪರೀಕ್ಷಿಸಿದರು, ಫಲಿತಾಂಶಗಳನ್ನು 'ಯೋಗ ಮೀಮಾಂಸಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಾಣಾಯಾಮದಲ್ಲಿ ಆಮ್ಲಜನಕದ ಹೀರಿಕೆಯನ್ನೂ 1930ರ ದಶಕದಲ್ಲಿ ಅಳೆದು, ಅದರ ಮಹತ್ವ ಹೆಚ್ಚು ಆಮ್ಲಜನಕವನ್ನು ಸೆಳೆದುಕೊಳ್ಳುವುದರಲ್ಲಿಲ್ಲ ಎಂಬ ನಿಲುವಿಗೆ ಬಂದರು. ಸುಮಾರು ತೊಂಬತ್ತು ವರ್ಷಗಳ ಹಿಂದಿನ ಆ ಅಳತೆ ಇಂದಿನ ಶಿಬಿರಗಳ ತನಕ ತಲುಪಿಲ್ಲ.

ಬೆಂಗಳೂರಿನಲ್ಲಿ ವೈಚಾರಿಕತೆಗೆ ಒಂದು ಪರಂಪರೆಯಿದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದ್ದರು. ಆ ಪರಂಪರೆಯ ನೆರಳಿನಲ್ಲಿ ಬೆಳೆದ ನನ್ನಂಥವರು ಜ್ಯೋತಿಷ್ಯ, ವಾಸ್ತು, ಹೋಮಿಯೋಪತಿ, ರೇಖಿ, ಪ್ರಾಣಾಯಾಮಗಳನ್ನೆಲ್ಲ ಒಟ್ಟಿಗೆ ಕಟ್ಟಿ ಬದಿಗಿಡುವುದು ವಾಡಿಕೆ. ಈ ಗಂಟನ್ನು ಬಿಚ್ಚಬೇಕೆಂದು ನನಗೆ ಕೆಲವು ವರ್ಷಗಳಿಂದ ಅನಿಸುತ್ತಿದೆ. ಹೋಮಿಯೋಪತಿಯ 30ಸಿ ಗುಳಿಗೆಯಲ್ಲಿ, ಅಂದರೆ ನೂರಕ್ಕೆ ಒಂದು ಪಾಲಿನಂತೆ ಮೂವತ್ತು ಸಲ ತೆಳುಗೊಳಿಸಿದ ಔಷಧದಲ್ಲಿ, ಮೂಲವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಂಭವ ಇಲ್ಲವೆಂಬಷ್ಟು ಕಡಿಮೆ. ಅಲ್ಲಿ ಪರಿಣಾಮಕ್ಕೆ ದಾರಿಯೇ ಇಲ್ಲ. ಉಸಿರಾಟದ ವಿಷಯ ಹಾಗಲ್ಲ. ಹೃದಯ ಬಡಿತ, ರಕ್ತದೊತ್ತಡ, ಜೀರ್ಣಾಂಗಗಳ ಚಲನೆ ಇವೆಲ್ಲ ನಮ್ಮ ಅಪ್ಪಣೆಯನ್ನು ಕೇಳದೆ ನಡೆಯುವ ಕೆಲಸಗಳು. ಉಸಿರಾಟವೂ ತನ್ನಷ್ಟಕ್ಕೆ ನಡೆಯುವುದೇ ಆದರೂ ಬೇಕೆಂದಾಗ ನಾವು ಅದರ ಹಗ್ಗವನ್ನು ಕೈಗೆ ತೆಗೆದುಕೊಳ್ಳಬಹುದು. ಆ ಹಗ್ಗದ ಇನ್ನೊಂದು ತುದಿ ಹೃದಯಕ್ಕೂ ರಕ್ತನಾಳಗಳಿಗೂ ಕಟ್ಟಿಕೊಂಡಿದೆ ಎಂಬುದು ಗೊತ್ತಾದಾಗಲೇ ನನ್ನ ಸಂಶಯ ಸಡಿಲವಾಗತೊಡಗಿದ್ದು.

ಕುತೂಹಲವಿದ್ದವರು ಈಗಲೇ ಪರೀಕ್ಷಿಸಬಹುದು. ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡಕ್ಕೆ ನೇರವಾಗಿ, ಬಲಗೈಯ ಎರಡು ಬೆರಳುಗಳನ್ನಿಟ್ಟು ನಾಡಿಯನ್ನು ಹಿಡಿಯಿರಿ. ಐದು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರನ್ನು ಒಳಗೆಳೆದುಕೊಂಡು, ಮತ್ತೆ ಐದು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಿ. ನಾಲ್ಕಾರು ಸಲ ಹೀಗೆ ಮಾಡುವುದರೊಳಗೆ, ಉಸಿರು ಒಳಗೆ ಹೋಗುವಾಗ ನಾಡಿ ಚುರುಕಾಗುವುದೂ ಹೊರಗೆ ಬರುವಾಗ ಬಡಿತಗಳ ನಡುವಿನ ಅಂತರ ಹಿಗ್ಗುವುದೂ ಬಹುಮಂದಿಯ ಬೆರಳಿಗೆ ತಿಳಿಯುತ್ತದೆ. ಹದಿಹರೆಯದವರಲ್ಲಿ ಇದು ಎದ್ದು ಕಾಣುವಷ್ಟಿರುತ್ತದೆ, ವಯಸ್ಸಾದಂತೆ ಕುಗ್ಗುತ್ತದೆ. ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲಿ, ಸುತ್ತುವ ಉರುಳೆಯ ಮೇಲೆ ರಕ್ತದೊತ್ತಡದ ಗೆರೆಯನ್ನು ಬರೆಯುವ ತನ್ನ ಉಪಕರಣದಿಂದ, ಪ್ರಾಣಿಗಳಲ್ಲಿ ಇದನ್ನೇ ದಾಖಲಿಸಿದ್ದ.

ಇದು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ವಿಷಯದ ಸೊಗಸೆಲ್ಲ ಇರುವುದು ಇಲ್ಲಿ. ದವಡೆಯ ಮೂಲೆಯ ಕೆಳಗೆ, ಕತ್ತಿನ ಎರಡೂ ಬದಿಗಳಲ್ಲಿ, ತಲೆಗೆ ರಕ್ತವನ್ನೊಯ್ಯುವ ಅಪಧಮನಿ ಎರಡಾಗಿ ಕವಲೊಡೆಯುತ್ತದೆ. ಆ ಕವಲಿನ ಬಳಿ ನಾಳದ ಗೋಡೆ ತುಸು ಉಬ್ಬಿದ್ದು, ಅದರಲ್ಲಿ ಒತ್ತಡವನ್ನು ಗುರುತಿಸುವ ನರತುದಿಗಳು ಹುದುಗಿವೆ; ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನಲ್ಲೂ ಇಂಥವೇ ಇವೆ. ಒತ್ತಡ ಏರಿದಾಗ ನಾಳದ ಗೋಡೆ ಹಿಗ್ಗಿ, ಈ ನರತುದಿಗಳು ಮೆದುಳಿನ ಕಾಂಡಕ್ಕೆ ಸುದ್ದಿಯನ್ನು ಮುಟ್ಟಿಸುತ್ತವೆ. ಅಲ್ಲಿಂದ ಎರಡು ಆದೇಶಗಳು ಹೊರಡುತ್ತವೆ. ವೇಗಸ್ ನರದ ಮೂಲಕ ಹೃದಯಕ್ಕೆ ಹೋಗುವ ಆದೇಶ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಜಾರಿಯಾಗಿ ಬಡಿತ ನಿಧಾನಗೊಳ್ಳುತ್ತದೆ. ರಕ್ತನಾಳಗಳನ್ನು ಸಡಿಲಿಸುವ ಇನ್ನೊಂದು ಆದೇಶ ಅನುವೇದಕ (ಸಿಂಪಥೆಟಿಕ್) ನರಗಳ ದಾರಿಯಲ್ಲಿ ಸಾವಕಾಶವಾಗಿ ಸಾಗುತ್ತದೆ. ಅದರ ಫಲ ಕಾಣಲು ಹಲವು ಸೆಕೆಂಡುಗಳು ಹಿಡಿಯುತ್ತವೆ. ಒಟ್ಟಾರೆ ಈ ಸರ್ಕೀಟು, ಅಂದರೆ ಸುದ್ದಿ ಹೋಗಿ ಆದೇಶ ಮರಳುವ ಈ ನರಮಾರ್ಗ, ಒತ್ತಡವನ್ನು ತಿದ್ದಲು ಸುಮಾರು ಐದು ಸೆಕೆಂಡು ತಡಮಾಡುತ್ತದೆ ಎಂದಿಟ್ಟುಕೊಳ್ಳಬಹುದು.

ತಡವಾಗಿ ತಿದ್ದುವ ಯಾವ ವ್ಯವಸ್ಥೆಯೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಓಲಾಡುತ್ತದೆ. ಗೀಸರ್ ದೂರದಲ್ಲಿರುವ ಬಚ್ಚಲುಮನೆಯಲ್ಲಿ ಸ್ನಾನ ಮಾಡಿದವರಿಗೆ ಇದರ ಅನುಭವವಿದೆ: ನೀರು ತಣ್ಣಗಿದೆಯೆಂದು ಬಿಸಿ ನಲ್ಲಿಯನ್ನು ತಿರುಗಿಸುತ್ತೇವೆ, ಬಿಸಿ ಬರಲಿಲ್ಲವೆಂದು ಇನ್ನಷ್ಟು ತಿರುಗಿಸುತ್ತೇವೆ, ಕೊನೆಗೆ ಅಷ್ಟೂ ಬಿಸಿ ಒಟ್ಟಿಗೆ ಬಂದು ಮೈ ಸುಟ್ಟು ಗಾಬರಿಯಿಂದ ಹಿಂದಕ್ಕೆ ತಿರುಗಿಸುತ್ತೇವೆ, ಮತ್ತೆ ತಣ್ಣೀರು. ತಡ ಐದು ಸೆಕೆಂಡಾದರೆ ಒಂದು ಪೂರ್ಣ ಓಲಾಟಕ್ಕೆ ಅದರ ಇಮ್ಮಡಿ, ಅಂದರೆ ಹತ್ತು ಸೆಕೆಂಡು ಬೇಕು. ನಮ್ಮ ರಕ್ತದೊತ್ತಡದಲ್ಲಿ ಹತ್ತು ಸೆಕೆಂಡಿಗೊಮ್ಮೆ ಏರಿ ಇಳಿಯುವ ಮೆಲುವಾದ ಅಲೆಯೊಂದು ಸದಾ ಇದ್ದೇ ಇರುತ್ತದೆ. 1876ರಲ್ಲಿ ಅದನ್ನು ವಿವರಿಸಿದ ಸಿಗ್ಮಂಡ್ ಮಾಯರ್‌ನ ಹೆಸರಿನಲ್ಲೇ ಇಂದಿಗೂ ಅದನ್ನು ಮಾಯರ್ ಅಲೆ ಎನ್ನುತ್ತಾರೆ.

ಈಗ ಉಸಿರಿಗೆ ಬರೋಣ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಸಲ ಉಸಿರಾಡುತ್ತೇವೆ. ಉಸಿರಿನ ಲಯಕ್ಕೂ ಒತ್ತಡದ ಸಹಜ ಓಲಾಟಕ್ಕೂ ತಾಳೆಯಿರುವುದಿಲ್ಲ. ಉಸಿರನ್ನು ನಿಮಿಷಕ್ಕೆ ಆರಕ್ಕೆ ಇಳಿಸಿದಾಗ ಒಂದು ಉಸಿರಿಗೆ ಸರಿಯಾಗಿ ಹತ್ತು ಸೆಕೆಂಡು ಸಿಗುತ್ತದೆ. ಎರಡು ಲಯಗಳು ಒಂದಾಗಿ, ಒಂದು ಓಲಾಟ ಇನ್ನೊಂದನ್ನು ಹಿಗ್ಗಿಸುವ, ಭೌತವಿಜ್ಞಾನದಲ್ಲಿ ಅನುರಣನವೆನ್ನುವ ಸ್ಥಿತಿ ಏರ್ಪಡುತ್ತದೆ. ಹೃದಯ ಬಡಿತದ ಏರಿಳಿತ ತಟ್ಟನೆ ದೊಡ್ಡದಾಗುತ್ತದೆ. ಕೆಲವರಲ್ಲಿ ಒಂದೇ ಉಸಿರಿನ ಅವಧಿಯೊಳಗೆ ಬಡಿತದ ದರ ನಿಮಿಷಕ್ಕೆ ಹದಿನೈದು ಇಪ್ಪತ್ತರಷ್ಟು ಏರಿ ಇಳಿಯುತ್ತದೆ. ಒತ್ತಡವನ್ನು ತಿದ್ದುವ ಸರ್ಕೀಟು ಪ್ರತಿ ಉಸಿರಿಗೂ ಪೂರ್ತಿ ವ್ಯಾಯಾಮ ಮಾಡಿದಂತಾಗುತ್ತದೆ. ರಷ್ಯದ ಎವ್ಗೆನಿ ವಾಸ್ಚಿಲ್ಲೊ ಮತ್ತು ಅಮೆರಿಕದ ಪಾಲ್ ಲೆರರ್ ತೋರಿಸಿದಂತೆ ಅನುರಣನದ ಲಯ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ, ಆದರೆ ಬಹುತೇಕ ವಯಸ್ಕರಲ್ಲಿ ಅದು ನಿಮಿಷಕ್ಕೆ ನಾಲ್ಕೂವರೆಯಿಂದ ಆರೂವರೆಯ ಒಳಗೇ ಬರುತ್ತದೆ.

2001ರ ಡಿಸೆಂಬರಿನಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ಒಂದು ಅಧ್ಯಯನ ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ರುಚಿಕಟ್ಟಾದ ಭಾಗ. ಇಟಲಿಯ ಲುಚಾನೊ ಬರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯಲ್ಲಿ ಜಪಮಾಲೆಯ 'ಆವೇ ಮರೀಯಾ' ಪ್ರಾರ್ಥನೆಯನ್ನು ಹೇಳಿಸಿದರು, ಬೇರೆಯಾಗಿ 'ಓಂ ಮಣಿ ಪದ್ಮೇ ಹೂಂ' ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಆರರ ಹತ್ತಿರಕ್ಕೆ ಇಳಿಯಿತು. ಒತ್ತಡ ಒಂದು ಮಿಲಿಮೀಟರ್ ಪಾದರಸದಷ್ಟು ಏರಿದರೆ ಬಡಿತಗಳ ಅಂತರ ಎಷ್ಟು ಮಿಲಿಸೆಕೆಂಡು ಹಿಗ್ಗುತ್ತದೆ ಎಂಬ ಅಳತೆ ಸರಾಸರಿ 9.5ರಿಂದ 11.5ಕ್ಕೆ ಏರಿತು; ಅಂದರೆ ಒತ್ತಡವನ್ನು ತಿದ್ದುವ ಸರ್ಕೀಟು ಚುರುಕಾಯಿತು. ಮಂತ್ರವೂ ಪ್ರಾರ್ಥನೆಯೂ ಒಂದೇ ಕೆಲಸ ಮಾಡಿದವು. ನಮ್ಮ ಮಂತ್ರದ ಕಂಪನಕ್ಕೆ ವಿಶೇಷ ಶಕ್ತಿಯಿದೆ ಎನ್ನುವವರಿಗೂ, ಇದೆಲ್ಲ ಬರಿಯ ಬೂಟಾಟಿಕೆ ಎನ್ನುವವರಿಗೂ ಈ ಫಲಿತಾಂಶ ಅಷ್ಟೇನೂ ಹಿತವಾಗಿಲ್ಲ. ಸಾಲಿನ ಉದ್ದ ಉಸಿರಿನ ಉದ್ದವನ್ನು ನಿರ್ಧರಿಸಿತು, ಅಷ್ಟೇ. ವಚನವೋ ದಾಸರ ಪದವೋ ಆ ಅಳತೆಗೆ ಹೊಂದುವಂತೆ ಹಾಡಿಕೊಂಡರೆ ಅದೂ ಇದೇ ಕೆಲಸ ಮಾಡೀತೆಂದು ನಿರೀಕ್ಷಿಸಲು ಅಡ್ಡಿಯೇನಿಲ್ಲ.

ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರು ಎಂಬ ಹಳೆಯ ಸುದ್ದಿಯೂ ಇದೇ ಹಗ್ಗದ ಕಥೆ. 1935ರಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರೋಸ್ ಇಸಿಜಿ ಯಂತ್ರವನ್ನು ಹೊತ್ತು ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದರು. ಅವರು ಪರೀಕ್ಷಿಸಿದವರಲ್ಲಿ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಟಿ. ಕೃಷ್ಣಮಾಚಾರ್ಯರೂ ಇದ್ದರು. ಗ್ರಾಫಿನ ಗೆರೆ ಬಹಳ ಕುಗ್ಗಿದ್ದನ್ನು ಕಂಡು, ಹೃದಯ ಇಚ್ಛೆಗೆ ಮಣಿಯಿತೆಂಬ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. 1950ರ ದಶಕದ ಕೊನೆಯಲ್ಲಿ ವೆಂಗರ್, ಬಾಗ್ಚಿ ಮತ್ತು ದೆಹಲಿಯ ಬಿ.ಕೆ. ಆನಂದ್ ಹೆಚ್ಚು ಉತ್ತಮ ಉಪಕರಣಗಳೊಂದಿಗೆ ನಾಲ್ವರು ಸಾಧಕರನ್ನು ಪರೀಕ್ಷಿಸಿ 1961ರಲ್ಲಿ ವರದಿ ಮಾಡಿದರು. ಹೃದಯವನ್ನು ನಿಲ್ಲಿಸುತ್ತೇವೆ ಎಂದವರು ಉಸಿರನ್ನು ಹಿಡಿದು ಎದೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿಯುತ್ತಿದ್ದರು. ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ತಗ್ಗಿ, ನಾಡಿ ಬೆರಳಿಗೆ ಸಿಗದಂತಾಗುತ್ತಿತ್ತು. ಇಸಿಜಿಯಲ್ಲಿ ಮಾತ್ರ ಹೃದಯ ಬಡಿಯುತ್ತಲೇ ಇತ್ತು. ನಾಲ್ಕನೆಯವರು ಬಡಿತವನ್ನು ಗಣನೀಯವಾಗಿ ನಿಧಾನಗೊಳಿಸಿದ್ದೂ ಅದೇ ವರದಿಯಲ್ಲಿದೆ. ಅತಿಶಯೋಕ್ತಿಯನ್ನು ಸೋಸಿದ ಮೇಲೂ ಸ್ವಲ್ಪ ನಿಜ ಉಳಿದುಕೊಂಡಿತು.

ಕಾರ್ಯವಿಧಾನ ಸುಂದರವಾಗಿದೆ ಎಂದಮಾತ್ರಕ್ಕೆ ಚಿಕಿತ್ಸೆ ಫಲ ಕೊಡುತ್ತದೆ ಎನ್ನಲಾಗದು. ನನ್ನ ಉತ್ಸಾಹಕ್ಕೆ ಕಡಿವಾಣ ಬೀಳುವುದು ಇಲ್ಲೇ. ಹೃದಯಾಘಾತವಾದವರಲ್ಲಿ ಈ ಒತ್ತಡ ಸರ್ಕೀಟು ಮಂಕಾಗಿದ್ದರೆ ಸಾವಿನ ಅಪಾಯ ಹೆಚ್ಚು ಎಂಬುದು 1998ರ ದೊಡ್ಡ ಅಧ್ಯಯನವೊಂದರಿಂದ ಗೊತ್ತಾಗಿದೆ. ಆದರೆ ನಿಧಾನ ಉಸಿರಾಟದಿಂದ ಅದನ್ನು ಚುರುಕುಗೊಳಿಸಿದರೆ ಆಯುಸ್ಸು ಹೆಚ್ಚುತ್ತದೆ ಎಂಬುದು ಬೇರೆಯೇ ಮಾತು, ಅದು ಸಾಬೀತಾಗಿಲ್ಲ. ಸಂಗೀತದ ಸ್ವರಗಳ ಮೂಲಕ ಉಸಿರನ್ನು ನಿಧಾನಗೊಳಿಸುವ ಸಾಧನವೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ರಕ್ತದೊತ್ತಡಕ್ಕೆ ಪೂರಕ ಚಿಕಿತ್ಸೆಯಾಗಿ ಅನುಮತಿ ಕೊಟ್ಟಿತು. ಆರಂಭದ ಪ್ರಯೋಗಗಳಲ್ಲಿ ಒತ್ತಡ ಇಳಿದಂತೆ ಕಂಡಿತ್ತು. ನೆದರ್ಲೆಂಡ್ಸಿನ ಸಂಶೋಧಕರು ಒಂದು ಗುಂಪಿಗೆ ಆ ಸಾಧನವನ್ನೂ ಇನ್ನೊಂದಕ್ಕೆ ಬರಿಯ ಸಂಗೀತವನ್ನೂ ಕೊಟ್ಟು ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ.

ಇನ್ನೂ ಚುಚ್ಚುವ ಫಲಿತಾಂಶ 2023ರದ್ದು. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ತಂಡ 400 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಮಿಷಕ್ಕೆ ಐದೂವರೆಯಂತೆ, ಇನ್ನೊಂದಕ್ಕೆ ಹನ್ನೆರಡರಂತೆ, ದಿನಕ್ಕೆ ಹತ್ತು ನಿಮಿಷ, ನಾಲ್ಕು ವಾರ ಉಸಿರಾಡಲು ಹೇಳಿತು. ಮನಸ್ಸಿನ ಒತ್ತಡ, ಆತಂಕ, ನೆಮ್ಮದಿಯ ಅಳತೆಗಳಲ್ಲಿ ಎರಡೂ ಗುಂಪುಗಳು ಸುಧಾರಿಸಿದವು, ಒಂದಕ್ಕಿಂತ ಇನ್ನೊಂದು ಮೇಲೆನಿಸಲಿಲ್ಲ. ನಾನು ಇಷ್ಟು ಹೊತ್ತು ಕೊಂಡಾಡಿದ ಹತ್ತು ಸೆಕೆಂಡಿನ ಅನುರಣನಕ್ಕೆ ಆ ಸುಧಾರಣೆಯಲ್ಲಿ ವಿಶೇಷ ಪಾಲಿತ್ತೆಂದು ತೋರಲಿಲ್ಲ. ದಿನಕ್ಕೆ ಹತ್ತು ನಿಮಿಷ ಫೋನು ಬದಿಗಿಟ್ಟು, ಒಂದೆಡೆ ಕುಳಿತು, ಉಸಿರಿನ ಕಡೆ ಗಮನ ಕೊಡುವುದೇ ಸಾಕಾಯಿತೇನೋ. ಒಳ್ಳೆಯದಾಗಬಹುದೆಂಬ ನಿರೀಕ್ಷೆಯೂ ಕೆಲಸ ಮಾಡಿರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನ 2000ದ ಪ್ರಯೋಗವನ್ನೂ ಇದೇ ಬೆಳಕಿನಲ್ಲಿ ಓದಬೇಕು. ತೀವ್ರ ಖಿನ್ನತೆಯ 45 ರೋಗಿಗಳನ್ನು ಹದಿನೈದರಂತೆ ಮೂರು ಗುಂಪು ಮಾಡಿ, ವಿದ್ಯುತ್ ಚಿಕಿತ್ಸೆ, ಖಿನ್ನತೆಗೆ ಕೊಡುವ ಇಮಿಪ್ರಮಿನ್ ಮಾತ್ರೆ, ಲಯಬದ್ಧ ಉಸಿರಾಟದ ಸುದರ್ಶನ ಕ್ರಿಯೆ ಇವುಗಳನ್ನು ಹೋಲಿಸಲಾಯಿತು. ನಾಲ್ಕು ವಾರಗಳಲ್ಲಿ ಕ್ರಮವಾಗಿ ಶೇ. 93, 73 ಮತ್ತು 67 ಮಂದಿ ಚೇತರಿಸಿಕೊಂಡರು. ಉಸಿರಾಟ ಮಾತ್ರೆಯ ಸಮೀಪ ಬಂತೆಂದು ಈ ಅಂಕಿಗಳನ್ನು ವೇದಿಕೆಯ ಮೇಲೆ ಹೇಳುವವರು, ಗುಂಪುಗಳು ಎಷ್ಟು ಚಿಕ್ಕವು ಎಂಬುದನ್ನೂ, ಹುಸಿ ಚಿಕಿತ್ಸೆಯ ನಾಲ್ಕನೆಯ ಗುಂಪು ಇರಲಿಲ್ಲ ಎಂಬುದನ್ನೂ ಹೇಳುವುದು ಅಪರೂಪ.

ಹಾಗಿದ್ದೂ ನಾನೇಕೆ ಪ್ರಾಣಾಯಾಮದ ಪರ ವಾಲಿದ್ದೇನೆ? ಅದರ ಪ್ರತಿಪಾದನೆಗಳನ್ನು ಅಳೆಯಬಹುದು, ಸುಳ್ಳಾದರೆ ಸುಳ್ಳೆಂದು ತೋರಿಸಬಹುದು. ಮೇಲಾಗಿ ನಿಧಾನವಾಗಿ, ಬಿಗಿಯಿಲ್ಲದೆ ಉಸಿರಾಡುವುದಕ್ಕೆ ಖರ್ಚಿಲ್ಲ, ಬಹುಪಾಲು ಜನರಿಗೆ ಅಪಾಯವೂ ಇಲ್ಲ. ಎಲ್ಲ ಯೋಗಾಭ್ಯಾಸಗಳಿಗೂ ಈ ಮಾತು ಸಲ್ಲದು. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ, ಗ್ಲಾಕೋಮಾ ಇರುವವರು ಅದರ ಗೊಡವೆಗೆ ಹೋಗಬಾರದು. ಉಸಿರನ್ನು ರಭಸದಿಂದ ಹೊರದಬ್ಬುವ ಕಪಾಲಭಾತಿಯನ್ನು ಅತಿಯಾಗಿ ಮಾಡಿ ಶ್ವಾಸಕೋಶದ ಹೊರಪದರದೊಳಗೆ ಗಾಳಿ ಸೇರಿಕೊಂಡ ಪ್ರಕರಣವೊಂದು 2004ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಎಲ್ಲಕ್ಕಿಂತ ದೊಡ್ಡ ಅಪಾಯ, ಉಸಿರಾಟದ ಭರವಸೆಯಲ್ಲಿ ಇನ್ಸುಲಿನ್ನನ್ನೋ ಒತ್ತಡದ ಮಾತ್ರೆಯನ್ನೋ ನಿಲ್ಲಿಸುವುದು; ಹಾಗೆ ನಿಲ್ಲಿಸಲು ಹೇಳುವ ಗುರುವಿನ ಬಳಿ ಮರುದಿನ ಹೋಗಬೇಕಾಗಿಲ್ಲ.

ಕರ್ನಾಟಕದ ಯೋಗ ಸಂಸ್ಥೆಗಳಿಂದ ನನ್ನ ನಿರೀಕ್ಷೆ ಚಿಕ್ಕದು. ನಿಧಾನ ಉಸಿರಾಟದ ಗುಂಪಿನ ಪಕ್ಕದಲ್ಲಿ, ಅದೇ ಹಾಲಿನಲ್ಲಿ, ಅದೇ ಗುರುವಿನ ಮುಂದೆ, ಅಷ್ಟೇ ಶ್ರದ್ಧೆಯಿಂದ ನಿಮಿಷಕ್ಕೆ ಹನ್ನೆರಡು ಸಲ ಉಸಿರಾಡುವ ಇನ್ನೊಂದು ಗುಂಪನ್ನು ಕೂರಿಸಿ, ಯಾರು ಯಾವ ಗುಂಪಿನವರೆಂದು ತಿಳಿಯದವರಿಂದ ಆರು ತಿಂಗಳು ರಕ್ತದೊತ್ತಡವನ್ನು ಅಳೆಸಬೇಕು. ಅದಕ್ಕೆ ಎಂಆರ್‌ಐ ಯಂತ್ರ ಬೇಕಿಲ್ಲ. ತೋಳಿಗೆ ಕಟ್ಟುವ ಒತ್ತಡಮಾಪಕ, ಗೋಡೆ ಗಡಿಯಾರ, ಮತ್ತು ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತೇವೆಂದು ಮೊದಲೇ ಬರೆದಿಟ್ಟ ಒಂದು ಹಾಳೆ ಸಾಕು.