ಗೋಡೆಗೂ ಮುಂಚೆ ಮೆಟ್ಟಿಲು ನೋಡಿ

ಹಳೇ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಊರಿನ ನಡುಪೇಟೆಗೆ ಅಂಟಿಕೊಂಡಿರುವ ಹಳೇ ಬಡಾವಣೆಗಳಿಂದ ಬರುವ ಕರೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ: "ಗೋಡೆ ತೇವ ಹಿಡೀತಿದೆ, ಎಷ್ಟು ಸಲ ಸಿಮೆಂಟ್ ಮೆತ್ತಿಸಿದರೂ ನಿಲ್ತಿಲ್ಲ." ಹೋದ ತಕ್ಷಣ ನಾನು ಗೋಡೆ ನೋಡುವುದಿಲ್ಲ, ಬಾಗಿಲ ಮುಂದಿನ ಮೆಟ್ಟಿಲು ನೋಡುತ್ತೇನೆ.

ಒಂದು ಮನೆಯ ಹಳೇ ಫೋಟೊದಲ್ಲಿ ಮೂರು ಮೆಟ್ಟಿಲಿದ್ದವು. ಈಗ ಒಂದೂವರೆ. ಉಳಿದದ್ದು ಡಾಂಬರಿನ ಅಡಿಗೆ ಹೋಗಿದೆ. ಇಂಥ ಬೀದಿಗಳಲ್ಲಿ ಓಡಾಟ ಜಾಸ್ತಿ, ಅಗೆತವೂ ಜಾಸ್ತಿ, ಪ್ರತಿ ಸಲ ಹಳೇ ಪದರ ಕೆರೆಯದೆ ಮೇಲೆ ಇನ್ನೊಂದು ಹಾಕುತ್ತಾ ಹೋದರೆ ರಸ್ತೆ ಏರುತ್ತದೆ, ಮನೆ ಇದ್ದಲ್ಲೇ ಇರುತ್ತದೆ. ಮಳೆನೀರು ಗೋಡೆ ಬುಡಕ್ಕೇ ಬಂದು ನಿಲ್ಲುತ್ತದೆ.

ಈಗಿನ ಸಿಮೆಂಟಿನ ಮೂಲರೂಪಕ್ಕೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ, ಮನೆಮನೆಗೆ ತಲುಪಿದ್ದು ಎಷ್ಟೋ ಕಾಲದ ಮೇಲೆ. ಹಾಗಾಗಿ ತುಂಬ ಹಳೇ ಇಟ್ಟಿಗೆ ಗೋಡೆಗಳಲ್ಲಿರುವುದು ಸಾಮಾನ್ಯವಾಗಿ ಸುಣ್ಣದ ಗಾರೆ. ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರುತ್ತಾ ನಿಧಾನಕ್ಕೆ ಗಟ್ಟಿಯಾಗುತ್ತದೆ, ಆದರೂ ಸಣ್ಣ ಸಣ್ಣ ರಂಧ್ರ ಉಳಿಸಿಕೊಂಡಿರುತ್ತದೆ. ಬುಡದಿಂದ ಏರಿದ ನೀರು ಅಲ್ಲಿಂದ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಮೆತ್ತಿದಿರೋ, ಆ ದಾರಿ ಮುಚ್ಚಿತು. ನೀರು ಸುಮ್ನೆ ಕೂರುತ್ತದಾ? ಸಿಮೆಂಟ್ ಮುಗಿಯುವ ಜಾಗದವರೆಗೂ ಏರಿ, ಅಲ್ಲಿ ಉಪ್ಪು ಕಕ್ಕುತ್ತದೆ. ಉಗುರಿನಲ್ಲಿ ಕೆರೆದರೆ ಮೊದಲು ಬಿಳಿ ಪುಡಿ, ಅದರ ಹಿಂದೆಯೇ ಕೆಂಪು ಪುಡಿ. ಎರಡನೆಯದು ಇಟ್ಟಿಗೆ. ಮೊಣಕಾಲಿನವರೆಗಿದ್ದ ತೇವ ಸೊಂಟಕ್ಕೆ ಬಂದಿರುತ್ತದೆ. ಸಾಲುಮನೆಯಾದರೆ ನಡುಗೋಡೆ ಇಬ್ಬರದ್ದೂ ಅಲ್ವಾ, ನೀವು ಮೆತ್ತಿದ ಸಿಮೆಂಟಿನ ಫಲ ಪಕ್ಕದವರ ಮಲಗುವ ಕೋಣೆಯಲ್ಲಿ ಕಾಣಿಸುತ್ತದೆ. ಇಂಥ ಜಗಳ ಬಿಡಿಸಿ ಬಿಡಿಸಿ ನನಗೂ ಸಾಕಾಗಿದೆ.

ಮೊದಲು ಗೋಡೆಯುದ್ದಕ್ಕೂ ನೀರು ಹರಿದುಹೋಗಲು ಚರಂಡಿ ಮಾಡಿಸಿ. ಆಮೇಲೆ ಸಿಮೆಂಟ್ ಕೀಳಿಸಿ, ಮೆಲ್ಲಗೆ, ಇಟ್ಟಿಗೆ ಜೊತೆಗೆ ಬರದ ಹಾಗೆ. ಹಳೇ ಕಟ್ಟಡ ಉಳಿಸಲು ಗುರುತಿಸಿದ ಸಂರಕ್ಷಿತ ಪ್ರದೇಶವಾದರೆ ಬೀದಿಗೆ ಕಾಣುವ ಗೋಡೆ ಮುಟ್ಟುವ ಮುಂಚೆ ಅನುಮತಿ ಬೇಕಾ ಅಂತ ವಿಚಾರಿಸಿಕೊಳ್ಳಿ. ಆಮೇಲೆ ಕಾಯಬೇಕು, ಜನ ಸೋಲುವುದು ಇಲ್ಲೇ. ಒಂದು ಇಂಚು ದಪ್ಪ ಒಣಗಲು ಅಂದಾಜು ಒಂದು ತಿಂಗಳು ಅನ್ನುವುದು ನಮ್ಮವರ ಲೆಕ್ಕ. ಒಂದೂವರೆ ಅಡಿ ಗೋಡೆಗೆ ಒಂದೂವರೆ ವರ್ಷ! ಒಣಗಿದ ಮೇಲೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣ. ಪ್ಲಾಸ್ಟಿಕ್ ಬಣ್ಣ ಮಾತ್ರ ಬೇಡ, ಅದು ಸಿಮೆಂಟಿನ ತಮ್ಮ.