ಕಾಲೇಜುಗಳಿಗೆ ಅಂಕ ಕೊಡುವವರು: ಅಮೆರಿಕದ ರಾಜ್ಯಗಳ ನಾಲ್ಕು ದಶಕಗಳ ಅನುಭವ

ಅಮೆರಿಕದಲ್ಲಿ ಸಾರ್ವಜನಿಕ ಕಾಲೇಜು, ವಿಶ್ವವಿದ್ಯಾಲಯಗಳನ್ನು ಕಟ್ಟಿ ನಡೆಸುವ ಹೊಣೆ ಮೊದಲಿನಿಂದಲೂ ರಾಜ್ಯಗಳದ್ದು. 1862ರ ಮೊರಿಲ್ ಕಾಯ್ದೆಯ ಮೂಲಕ ಕೇಂದ್ರ ಸರ್ಕಾರ ಭೂಮಿ ನೀಡಿತು. ಅದನ್ನು ಮಾರಿ ಬಂದ ಹಣದ ಆಸರೆಯಲ್ಲಿ ರಾಜ್ಯಗಳು ಕೃಷಿ ಮತ್ತು ತಂತ್ರವಿದ್ಯೆಯನ್ನು ಕಲಿಸುವ ಕಾಲೇಜುಗಳನ್ನು ತೆರೆದವು, ಇಲ್ಲವೇ ಇದ್ದವನ್ನು ಬೆಳೆಸಿದವು. ಈ ಸಂಸ್ಥೆಗಳ ಸಾಧನೆ ಏನು ಎಂದು ಕೇಳುವ ಅಧಿಕಾರ ಶಾಸನಸಭೆಗಳಿಗೆ ಇದ್ದೇ ಇತ್ತು. ಆದರೂ ಸುಮಾರು ಒಂದು ಶತಮಾನದ ಕಾಲ ಅದನ್ನು ಗಟ್ಟಿಯಾಗಿ ಕೇಳಿದವರು ಕಡಿಮೆ. 1885ರಿಂದ 1895ರ ನಡುವೆ ಹುಟ್ಟಿದ ಕೆಲವು ಪ್ರಾದೇಶಿಕ ಸಂಘಗಳು ಮುಂದೆ ಮಾನ್ಯತೆ ನೀಡುವ ಸಂಸ್ಥೆಗಳಾಗಿ ಬೆಳೆದು ಗುಣಮಟ್ಟದ ಕಾವಲನ್ನು ವಹಿಸಿಕೊಂಡವು. ಗ್ರಂಥಾಲಯದಲ್ಲಿ ಪುಸ್ತಕಗಳೆಷ್ಟು, ಅಧ್ಯಾಪಕರ ವಿದ್ಯಾರ್ಹತೆ ಏನು, ಹಣಕಾಸು ಭದ್ರವಾಗಿದೆಯೇ ಎಂಬುದನ್ನು ಅವು ನೋಡುತ್ತಿದ್ದವು. ಕಲಿಸಲು ಬೇಕಾದ ಸಾಮಗ್ರಿ ಇದೆಯೇ ಎಂಬುದು ಅವುಗಳ ಪ್ರಶ್ನೆಯಾಗಿತ್ತೇ ಹೊರತು ವಿದ್ಯಾರ್ಥಿ ಕಲಿತನೇ ಎಂಬುದಲ್ಲ.

ಎರಡನೆಯ ಮಹಾಯುದ್ಧದ ನಂತರ ವಿದ್ಯಾರ್ಥಿಗಳ ಸಂಖ್ಯೆ ಏರಿದ ವೇಗದಲ್ಲಿ ಬೇರೆ ಪ್ರಶ್ನೆಗಳಿಗೆ ಎಡೆಯೇ ಇರಲಿಲ್ಲ. 1959ರಲ್ಲಿ ದೇಶದ ಕಾಲೇಜುಗಳಲ್ಲಿ ಸುಮಾರು 36 ಲಕ್ಷ ವಿದ್ಯಾರ್ಥಿಗಳಿದ್ದರೆ, 1969ರಲ್ಲಿ ಆ ಸಂಖ್ಯೆ 80 ಲಕ್ಷಕ್ಕೆ ಮುಟ್ಟಿತ್ತು. ಕ್ಯಾಲಿಫೋರ್ನಿಯಾದ 1960ರ ಮಹಾಯೋಜನೆ ಆ ಕಾಲದ ಕಾಳಜಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳು, ಉಳಿದೆಲ್ಲರಿಗೂ ಎರಡು ವರ್ಷದ ಸಮುದಾಯ ಕಾಲೇಜುಗಳು ಎಂದು ಅದು ಹಂಚಿಕೊಟ್ಟಿತು. ಸೀಟು ಒದಗಿಸುವುದೇ ಆಗ ಸಾಧನೆ. ಹೆಚ್ಚಿನ ರಾಜ್ಯಗಳು ಅನುದಾನವನ್ನೂ ದಾಖಲಾತಿಯ ಲೆಕ್ಕದಲ್ಲೇ ಕೊಡುತ್ತಿದ್ದುದರಿಂದ, ಸೇರಿದವರು ಮುಂದೆ ಪದವಿ ಪಡೆದರೇ, ನಡುವೆಯೇ ಬಿಟ್ಟುಹೋದರೇ ಎಂಬುದರಿಂದ ಕಾಲೇಜಿನ ಆದಾಯಕ್ಕೆ ಹೆಚ್ಚಿನ ವ್ಯತ್ಯಾಸವಾಗುತ್ತಿರಲಿಲ್ಲ.

ಈ ನಿಶ್ಚಿಂತೆ 1970ರ ದಶಕದ ಹಣದುಬ್ಬರದ ಹೊಡೆತಕ್ಕೆ ಕರಗಿತು. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಆಸ್ತಿ ತೆರಿಗೆಗೆ ಮಿತಿ ಹಾಕಿದರು; ಸರ್ಕಾರದ ಪ್ರತಿ ಖರ್ಚಿಗೂ ಸಮಜಾಯಿಷಿ ಬೇಕೆನ್ನುವ ಕಾಲ ಬಂದಿತ್ತು. ಇಂಥ ವಾತಾವರಣದಲ್ಲಿ, 1979ರಲ್ಲಿ, ಟೆನೆಸಿ ರಾಜ್ಯವು ಅನುದಾನದ ಒಂದು ಪಾಲನ್ನು ಕಾಲೇಜಿನ ಸಾಧನೆಗೆ ಜೋಡಿಸಿದ ಮೊದಲ ರಾಜ್ಯವಾಯಿತು. ಆ ಪಾಲು ಚಿಕ್ಕದು: ಮೊದಲಿಗೆ ಶೇ 2, ಕಾಲಕ್ರಮೇಣ ಶೇ 5.45. ಆದರೆ ಯೋಜನೆಯ ಒಳಹೂರಣ ಇಂದು ಓದಿದರೂ ಗೌರವ ಹುಟ್ಟಿಸುವಂಥದ್ದು. ಅಂತಿಮ ವರ್ಷದ ವಿದ್ಯಾರ್ಥಿಗಳು ಸಾಮಾನ್ಯ ಜ್ಞಾನಶಾಖೆಗಳ ಪರೀಕ್ಷೆಯನ್ನೂ ತಮ್ಮ ಮುಖ್ಯ ವಿಷಯದ ಪರೀಕ್ಷೆಯನ್ನೂ ಬರೆಯಬೇಕಿತ್ತು; ಪದವೀಧರರ ಅಭಿಪ್ರಾಯ ಪಡೆಯಬೇಕಿತ್ತು; ವಿಭಾಗಗಳು ಮಾನ್ಯತೆ ಪಡೆದಿರಬೇಕಿತ್ತು, ಇಲ್ಲವೇ ಹೊರಗಿನ ಪರಿಣತರ ಪರಿಶೀಲನೆಗೆ ಒಳಗಾಗಬೇಕಿತ್ತು. ಹೀಗೆ ಸಂಪಾದಿಸುವ ಹಣ ಮೂಲ ಅನುದಾನದ ಮೇಲಿನ ಪ್ರೋತ್ಸಾಹಧನವಾಗಿದ್ದುದರಿಂದ ಕಾಲೇಜುಗಳಿಗೆ ಅದು ಶಿಕ್ಷೆಯಾಗಿ ಕಾಣಲಿಲ್ಲ. ಹಲವು ರಾಜ್ಯಗಳಲ್ಲಿ ಇಂಥ ಯೋಜನೆಗಳು ಹುಟ್ಟಿ ಅಳಿದರೂ ಟೆನೆಸಿಯದು ಉಳಿದು ಬಂದದ್ದಕ್ಕೆ ಇದೇ ಮುಖ್ಯ ಕಾರಣವೆಂದು ನನಗನಿಸುತ್ತದೆ.

1983ರಲ್ಲಿ ಶಾಲಾ ಶಿಕ್ಷಣದ ದುಃಸ್ಥಿತಿಯನ್ನು ಕುರಿತು ಹೊರಬಂದ ರಾಷ್ಟ್ರೀಯ ವರದಿ ಎಬ್ಬಿಸಿದ ಆತಂಕ ಬೇಗನೆ ಕಾಲೇಜುಗಳಿಗೂ ಹಬ್ಬಿತು. 1986ರಲ್ಲಿ ರಾಜ್ಯಪಾಲರ ರಾಷ್ಟ್ರೀಯ ಸಂಘವು, ವಿದ್ಯಾರ್ಥಿಗಳು ಕಾಲೇಜಿನಲ್ಲಿ ನಿಜವಾಗಿ ಏನು ಕಲಿಯುತ್ತಾರೆ ಎಂಬುದಕ್ಕೆ ಪುರಾವೆ ಬೇಕೆಂದು ಕೇಳಿತು. ಕಲಿಕೆಯನ್ನು ಅಳೆಯಬೇಕೆಂಬ ಆದೇಶಗಳು ರಾಜ್ಯದಿಂದ ರಾಜ್ಯಕ್ಕೆ ಹರಡಿದವು. ಹೇಗೆ ಅಳೆಯಬೇಕೆಂಬುದನ್ನು ಮಾತ್ರ ಬಹುಮಟ್ಟಿಗೆ ಆಯಾ ಕಾಲೇಜಿನ ವಿವೇಚನೆಗೇ ಬಿಡಲಾಯಿತು. ಅಧ್ಯಾಪಕರ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಆದರೆ ಕಾಲೇಜುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಬಯಸಿದ್ದ ಶಾಸಕರ ಕೈಗೆ ಏನೂ ಸಿಗಲಿಲ್ಲ.

ಅವರ ಕೈಗೆ ಸಿಕ್ಕಿದ್ದು ಮತ್ತೊಂದು ಅಂಕಿ, ಅದೂ ಅನಿರೀಕ್ಷಿತ ದಿಕ್ಕಿನಿಂದ. ಕ್ರೀಡಾ ವಿದ್ಯಾರ್ಥಿವೇತನ ಪಡೆದು ಕಾಲೇಜು ಸೇರಿದ ಆಟಗಾರರಲ್ಲಿ ಅನೇಕರು ಪದವಿಯಿಲ್ಲದೆ ಹೊರಬೀಳುತ್ತಿದ್ದುದನ್ನು ಕಂಡು, ಸ್ವತಃ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರಾಗಿದ್ದ ಸೆನೆಟರ್ ಬಿಲ್ ಬ್ರಾಡ್ಲಿ ಮತ್ತು ಕೆಳಮನೆಯ ಸದಸ್ಯ ಟಾಮ್ ಮೆಕ್‌ಮಿಲನ್ ಮೊದಲಾದವರು ಕಾನೂನು ತರಲು ಶ್ರಮಿಸಿದರು. 1990ರಲ್ಲಿ ಅಂಗೀಕಾರವಾದ ಆ ಕಾಯ್ದೆಯು ಆಟಗಾರರದಷ್ಟೇ ಅಲ್ಲದೆ ಎಲ್ಲ ವಿದ್ಯಾರ್ಥಿಗಳು ಪದವಿ ಪೂರೈಸುವ ಪ್ರಮಾಣವನ್ನೂ ಪ್ರಕಟಿಸುವಂತೆ ಕಾಲೇಜುಗಳಿಗೆ ವಿಧಿಸಿತು. ಲೆಕ್ಕಕ್ಕೆ ಬರುವವರು ಮೊದಲ ಬಾರಿಗೆ, ಪೂರ್ಣಾವಧಿ ವಿದ್ಯಾರ್ಥಿಗಳಾಗಿ ಸೇರಿದವರು ಮಾತ್ರ. ನಾಲ್ಕು ವರ್ಷದ ಪದವಿಗೆ ಆರು ವರ್ಷ, ಎರಡು ವರ್ಷದ್ದಕ್ಕೆ ಮೂರು ವರ್ಷ ಗಡುವು. ಹದಿನೆಂಟರ ಹರೆಯದಲ್ಲಿ ಬಂದು ಒಂದೇ ಕಾಲೇಜಿನಲ್ಲಿ ಓದು ಮುಗಿಸುವ ಆಟಗಾರನಿಗೆ ಈ ಅಳತೆ ಸರಿಹೊಂದುತ್ತದೆ. ಹಗಲು ದುಡಿದು ಸಂಜೆ ಎರಡು ತರಗತಿಗಳಿಗೆ ಬರುವ ತಾಯಿ ಇದರ ಪಟ್ಟಿಯಲ್ಲೇ ಇಲ್ಲ. ಸಮುದಾಯ ಕಾಲೇಜಿನಲ್ಲಿ ಒಂದು ವರ್ಷ ಚೆನ್ನಾಗಿ ಓದಿ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಪದವಿ ಪಡೆದವಳು ಮೊದಲ ಕಾಲೇಜಿನ ಪದವೀಧರರ ಲೆಕ್ಕಕ್ಕೂ ಬರುವುದಿಲ್ಲ, ಎರಡನೆಯದರ ಲೆಕ್ಕಕ್ಕೂ ಬರುವುದಿಲ್ಲ. ಹೀಗಿದ್ದೂ, ದೇಶದ ಎಲ್ಲ ಕಾಲೇಜುಗಳಿಗೆ ಒಂದೇ ರೀತಿಯಲ್ಲಿ ದೊರೆಯುವ ಅಂಕಿ ಎಂಬ ಒಂದೇ ಗುಣದಿಂದ, ರಾಜ್ಯಗಳ ವರದಿಗಳಲ್ಲಿ ಅದು ಮೊದಲ ಸಾಲಿಗೆ ಬಂದು ಕುಳಿತಿತು. ಅರೆಕಾಲಿಕರನ್ನೂ ವರ್ಗವಾಗಿ ಬಂದವರನ್ನೂ ಒಳಗೊಂಡು ಎಂಟು ವರ್ಷಗಳವರೆಗೆ ಅನುಸರಿಸುವ ಪೂರಕ ಸಮೀಕ್ಷೆಯನ್ನು ಕೇಂದ್ರ ಶಿಕ್ಷಣ ಇಲಾಖೆ ಆರಂಭಿಸಿದ್ದು 2015ರ ಹೊತ್ತಿಗೆ. ಇಪ್ಪತ್ತೈದು ವರ್ಷಗಳ ಈ ವಿಳಂಬದಲ್ಲಿ ಬಡ ವಿದ್ಯಾರ್ಥಿಗಳ ಕಾಲೇಜುಗಳು ತಮ್ಮ ತಪ್ಪಿಲ್ಲದೆಯೇ ಸೋತವೆಂಬ ಹೆಸರು ಹೊತ್ತವು ಎಂಬುದು ನೋವಿನ ಸಂಗತಿ.

ಅಳತೆಯ ಹುಮ್ಮಸ್ಸು ತುದಿ ಮುಟ್ಟಿದ್ದು ದಕ್ಷಿಣ ಕೆರೊಲಿನಾದಲ್ಲಿ. 1996ರ ಕಾಯ್ದೆಯೊಂದು ಸಾರ್ವಜನಿಕ ಕಾಲೇಜುಗಳಿಗೆ ರಾಜ್ಯ ನೀಡುವ ಅನುದಾನವನ್ನು ಪೂರ್ತಿಯಾಗಿ ಸಾಧನೆಯ ಆಧಾರದ ಮೇಲೆಯೇ ಹಂಚಬೇಕೆಂದು ಹೇಳಿ, ಅದಕ್ಕಾಗಿ 37 ಸೂಚಕಗಳನ್ನು ನಿಗದಿಪಡಿಸಿತು. ತರಗತಿಯ ಗಾತ್ರ, ಅಧ್ಯಾಪಕರ ಅರ್ಹತೆ, ತರಗತಿಯ ಹೊರಗೆ ಅವರು ವಿದ್ಯಾರ್ಥಿಗಳಿಗೆ ಎಷ್ಟು ಸಿಗುತ್ತಾರೆ, ಆಡಳಿತದ ವೆಚ್ಚ ಇವೆಲ್ಲ ಅದರಲ್ಲಿದ್ದವು. ಸಂಶೋಧನಾ ವಿಶ್ವವಿದ್ಯಾಲಯಕ್ಕೂ ಎರಡು ವರ್ಷದ ತಾಂತ್ರಿಕ ಕಾಲೇಜಿಗೂ ಒಂದೇ ಪಟ್ಟಿಯನ್ನು ಹೊಂದಿಸಲು ಹೊರಟಾಗ, ಒಂದೊಂದು ಸೂಚಕದ ವ್ಯಾಖ್ಯೆಯೇ ವಿವಾದವಾಯಿತು. ಮಾಹಿತಿ ಕಲೆಹಾಕುವ ಕೆಲಸವೇ ಭಾರವಾಯಿತು. ವರ್ಷಗಳುರುಳಿದಂತೆ ಸೂಚಕಗಳನ್ನು ಬಹಳಷ್ಟು ಕಡಿತ ಮಾಡಲಾಯಿತು. ವಾಸ್ತವದಲ್ಲಿ ಅಂಕಗಳ ಆಧಾರದ ಮೇಲೆ ಕೈ ಬದಲಿಸಿದ ಹಣ ಅನುದಾನದ ಸಣ್ಣ ಭಾಗವಷ್ಟೇ. 2000ದ ದಶಕದ ಆರಂಭದ ಬಜೆಟ್ ಕಡಿತದಲ್ಲಿ ಅದೂ ನಿಂತುಹೋಯಿತು.

ಅಷ್ಟರಲ್ಲಿ ರಾಜ್ಯಗಳೇ ಅಂಕ ಪಡೆಯುವ ಸರದಿ ಬಂತು. ಪ್ಯಾಟ್ರಿಕ್ ಕ್ಯಾಲನ್ ನೇತೃತ್ವದ ಸ್ವತಂತ್ರ ಅಧ್ಯಯನ ಸಂಸ್ಥೆಯೊಂದು 2000ದಿಂದ 2008ರವರೆಗೆ ಎರಡು ವರ್ಷಕ್ಕೊಮ್ಮೆ ಐವತ್ತೂ ರಾಜ್ಯಗಳ ಪ್ರಗತಿಪತ್ರ ಹೊರತಂದಿತು. ಯಾವ ಕಾಲೇಜು ಮೇಲು ಎಂದು ಕೇಳುವ ಬದಲು, ರಾಜ್ಯವು ತನ್ನ ಜನರಿಗೆ ಉನ್ನತ ಶಿಕ್ಷಣವನ್ನು ಎಷ್ಟರಮಟ್ಟಿಗೆ ತಲುಪಿಸಿದೆ ಎಂದು ಅದು ಕೇಳಿತು. ಹೊಣೆಯನ್ನು ಅದು ಇರಬೇಕಾದ ಕಡೆಗೆ, ಅನುದಾನ ತೀರ್ಮಾನಿಸುವವರ ಕಡೆಗೆ, ತಿರುಗಿಸಿದ ಪ್ರಯತ್ನವಿದು. 2008ರಲ್ಲಿ ಕೈಗೆಟುಕುವ ವೆಚ್ಚದ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಹೊರತು ಉಳಿದ 49 ರಾಜ್ಯಗಳೂ ಅನುತ್ತೀರ್ಣವಾದವು. 2000ದ ಮೊದಲ ಪತ್ರದಲ್ಲಿ, ಕಲಿಕೆ ಎಂಬ ಅಂಕಣದಲ್ಲಂತೂ ಎಲ್ಲ ಐವತ್ತು ರಾಜ್ಯಗಳಿಗೂ ‘ಅಪೂರ್ಣ’ ಎಂದೇ ಬರೆಯಬೇಕಾಯಿತು, ಏಕೆಂದರೆ ರಾಜ್ಯ ರಾಜ್ಯಗಳನ್ನು ಹೋಲಿಸಬಲ್ಲ ಮಾಹಿತಿಯೇ ಇರಲಿಲ್ಲ.

2008ರ ಆರ್ಥಿಕ ಕುಸಿತದ ಬೆನ್ನಲ್ಲೇ ಸಾಧನೆ ಆಧಾರಿತ ಅನುದಾನ ಮರುಜೀವ ಪಡೆಯಿತು, ಈ ಬಾರಿ ದೊಡ್ಡ ಮೊತ್ತದೊಂದಿಗೆ. 2010ರಲ್ಲಿ ಟೆನೆಸಿಯೇ ದಾಖಲಾತಿಯ ಸೂತ್ರವನ್ನು ಕೈಬಿಟ್ಟು, ಹಳೆಯ ಪ್ರೋತ್ಸಾಹಧನವನ್ನು ಉಳಿಸಿಕೊಂಡೇ, ಮೂಲ ಅನುದಾನದ ಬಹುಪಾಲನ್ನು ಪದವಿಗಳ ಸಂಖ್ಯೆ, ಗಳಿಸಿದ ಕ್ರೆಡಿಟ್‌ಗಳು ಮುಂತಾದ ಫಲಿತಾಂಶಗಳಿಗೆ ಜೋಡಿಸಿತು. ಓಹಾಯೊ ಅದೇ ದಾರಿ ಹಿಡಿಯಿತು. ಫ್ಲಾರಿಡಾ 2014ರಲ್ಲಿ ಹತ್ತು ಮಾನದಂಡಗಳ ತನ್ನದೇ ಮಾದರಿ ರೂಪಿಸಿತು. ಸಂಶೋಧಕರು ಪರೀಕ್ಷಿಸಿ ನೋಡಿದಾಗ ಕಂಡದ್ದು ಉತ್ಸಾಹ ತರುವಂತಿರಲಿಲ್ಲ. ನಿಕೊಲಸ್ ಹಿಲ್‌ಮನ್ ಮತ್ತು ಸಂಗಡಿಗರ ಅಧ್ಯಯನದಂತೆ, ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳಲ್ಲಿ ಹೆಚ್ಚಿದ್ದು ಅಲ್ಪಾವಧಿಯ ಸರ್ಟಿಫಿಕೇಟುಗಳು, ಪದವಿಗಳಲ್ಲ. ಇಂಡಿಯಾನಾದ ಅಧ್ಯಯನವೊಂದು, ವಿಶ್ವವಿದ್ಯಾಲಯಗಳು ಪ್ರವೇಶವನ್ನು ಬಿಗಿಗೊಳಿಸಿ ಬಡ ವಿದ್ಯಾರ್ಥಿಗಳ ಪ್ರಮಾಣ ಇಳಿದದ್ದನ್ನು ಗುರುತಿಸಿತು. ಇದು ಆಗಬಹುದೆಂಬ ಅರಿವು ಟೆನೆಸಿಯ ಸೂತ್ರ ಬರೆದವರಿಗೆ ಇತ್ತು: ಬಡ ಕುಟುಂಬದ ಮತ್ತು ವಯಸ್ಕ ವಿದ್ಯಾರ್ಥಿಗಳ ಯಶಸ್ಸಿಗೆ ಅವರು ಶೇ 40ರಷ್ಟು ಹೆಚ್ಚುವರಿ ತೂಕ ಕೊಟ್ಟಿದ್ದರು.

ಇತ್ತೀಚಿನ ವರ್ಷಗಳಲ್ಲಿ ಗಮನ ಪದವೀಧರರ ಸಂಪಾದನೆಯತ್ತ ಹೊರಳಿದೆ. ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಅನುಸರಿಸುವ ರಾಷ್ಟ್ರೀಯ ದತ್ತಾಂಶಕೋಶವನ್ನು ಕಾಂಗ್ರೆಸ್ 2008ರಲ್ಲಿ ಖಾಸಗಿತನದ ಕಾರಣಕ್ಕೆ ನಿಷೇಧಿಸಿದ್ದರಿಂದ, ವರ್ಜೀನಿಯಾ, ಟೆಕ್ಸಸ್‌ನಂಥ ರಾಜ್ಯಗಳು ತಮ್ಮ ಕಾಲೇಜು ದಾಖಲೆಗಳನ್ನು ತಮ್ಮದೇ ವೇತನ ದಾಖಲೆಗಳೊಂದಿಗೆ ಹೊಂದಿಸಿ ನೋಡುತ್ತಿವೆ. ರಾಜ್ಯದ ಗಡಿ ದಾಟಿದ ಪದವೀಧರ ಆ ದಾಖಲೆಗಳಲ್ಲಿ ಕಾಣಸಿಗುವುದಿಲ್ಲ; ಟೆಕ್ಸಸ್ ವಿಶ್ವವಿದ್ಯಾಲಯ ವ್ಯವಸ್ಥೆಯು ಕೇಂದ್ರದ ಜನಗಣತಿ ಬ್ಯೂರೋದೊಂದಿಗೆ ಕೈಜೋಡಿಸಿದ್ದು ಈ ಕೊರತೆಯನ್ನು ತುಂಬಿಕೊಳ್ಳಲೆಂದೇ. ಆದರೆ ದತ್ತಾಂಶ ಎಷ್ಟೇ ಪೂರ್ಣವಾದರೂ, ವೇತನವನ್ನು ನಿರ್ಧರಿಸುವುದು ಬಹುಪಾಲು ಓದಿದ ವಿಷಯ ಮತ್ತು ದುಡಿಯುವ ಊರು. ಹಳ್ಳಿಗಾಡಿನ ಶಾಲೆಗಳಿಗೆ ಶಿಕ್ಷಕರನ್ನೂ ಸಣ್ಣ ಊರುಗಳ ಕಚೇರಿಗಳಿಗೆ ಸಮಾಜ ಕಾರ್ಯಕರ್ತರನ್ನೂ ತಯಾರು ಮಾಡುವ ಕಾಲೇಜು, ಎಂಜಿನಿಯರುಗಳನ್ನು ಮಹಾನಗರಕ್ಕೆ ಕಳುಹಿಸುವ ವಿಶ್ವವಿದ್ಯಾಲಯದ ಎದುರು, ಎಷ್ಟು ಚೆನ್ನಾಗಿ ಕಲಿಸಿದರೂ ಈ ಪಟ್ಟಿಯಲ್ಲಿ ಕೆಳಗೇ ಉಳಿಯುತ್ತದೆ. ಆ ಶಿಕ್ಷಕರ ಸಂಬಳವನ್ನು ಕಡಿಮೆ ಮಟ್ಟದಲ್ಲಿ ಇರಿಸಿರುವುದೂ ಅದೇ ರಾಜ್ಯಗಳ ಶಾಸನಸಭೆಗಳೇ.