ಮೂರು ತಿಂಗಳಿಗೆ ಬರುವ ಸಿಸ್ಟರ್

ಮಳೆಗಾಲದಲ್ಲಿ ಡೆಂಗಿ ಜ್ವರ ಏರಿದಾಗ ಕಲಬುರಗಿ, ಯಾದಗಿರಿ ಕಡೆಯ ಆಸ್ಪತ್ರೆಗಳಲ್ಲಿ ವರಾಂಡದಲ್ಲೂ ಮಂಚ ಹಾಕುತ್ತಾರೆ. ಆ ಮಂಚಗಳ ನಡುವೆ ಓಡಾಡುವ ನರ್ಸ್‌ಗಳು ಮಾತ್ರ ಮೊದಲಿದ್ದಷ್ಟೇ ಜನ. ವಾರ್ಡ್ ಇನ್‌ಚಾರ್ಜ್ ಆಗಿ ಡ್ಯೂಟಿ ರೋಸ್ಟರ್ ಬರೆಯುವ ನನಗೆ ವರ್ಷದ ಅತಿ ಕಷ್ಟದ ದಿನಗಳು ಇವೇ.

ಕೊರತೆ ಹೇಗೆ ಹುಟ್ಟುತ್ತದೆ ಅಂತ ಹೇಳುತ್ತೇನೆ. ಮೆಡಿಕಲ್ ಕಾಲೇಜು ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ಹಾಸಿಗೆಗೆ ಒಬ್ಬ ನರ್ಸ್ ಇರಬೇಕು ಎನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಹಾಗಾದರೆ 30 ಹಾಸಿಗೆಗೆ 10 ಜನ. ಸಾಕಲ್ವಾ ಅನಿಸುತ್ತದೆ. ಆದರೆ ಈ 10 ಜನ ಮೂರು ಪಾಳಿಗೆ ಹಂಚಿಹೋಗುತ್ತಾರೆ. ಒಂದು ಪಾಳಿಗೆ ಸಿಗುವುದು ಮೂರು ಜನ. ವಾರದ ರಜೆ, ಹೆರಿಗೆ ರಜೆ, ನೈಟ್ ಡ್ಯೂಟಿ ಮುಗಿಸಿದವರ ವಿಶ್ರಾಂತಿ, ಎಲ್ಲವೂ ಇವರಲ್ಲೇ ಕಳೆಯಬೇಕು. ಅದಕ್ಕೇ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಬೇಕು ಅಂತ ಅದೇ ಮಾನದಂಡ ಹೇಳುತ್ತದೆ. ಅಂದರೆ 13 ಜನ. ಮಂಜೂರಾತಿಯ ವೇಳೆ ಎಲ್ಲರೂ ಮರೆಯುವುದು ಈ ಮೂವರನ್ನು. ಇನ್ನು ಹುದ್ದೆ, ಸಂಬಳ ಇಲ್ಲಿ, ಕೆಲಸ ಬೇರೆ ಊರಲ್ಲಿ ಎನ್ನುವ ‘ನಿಯೋಜನೆ’ ಇದ್ದೇ ಇದೆ. ಕಾಗದದ ಮೇಲೆ ಹುದ್ದೆ ಭರ್ತಿ, ವಾರ್ಡಿನಲ್ಲಿ ಜಾಗ ಖಾಲಿ.

ಇದು ಬರೀ ನಮ್ಮ ಸುಸ್ತಿನ ಮಾತಲ್ಲ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನು ಗಮನಿಸಿತು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೂ, 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಜಾಸ್ತಿಯಾಗುತ್ತದೆ ಅಂತ ಕಂಡಿತು.

ಅಮೆರಿಕದಲ್ಲಿ ಇಂಥ ಕೊರತೆಗೆ ಟ್ರಾವೆಲ್ ನರ್ಸ್‌ಗಳನ್ನು ಕರೆಸುತ್ತಾರೆ. ಏಜೆನ್ಸಿ ಮೂಲಕ, ಸಾಮಾನ್ಯವಾಗಿ 13 ವಾರಗಳ ಒಪ್ಪಂದ. ಮುಗಿದರೆ ಇನ್ನೊಂದು ಊರು. ಕೋವಿಡ್ ಕಾಲದಲ್ಲಿ ಇವರ ಸಂಬಳ ಎಷ್ಟು ಏರಿತೆಂದರೆ, ಕಾಯಂ ನರ್ಸ್‌ಗಳೇ ಕೆಲಸ ಬಿಟ್ಟು ಏಜೆನ್ಸಿ ಸೇರಿದರು. ಇಲ್ಲಿಗೆ ಈ ಪದ್ಧತಿ ತರುವ ಮುಂಚೆ ಇದನ್ನು ಯೋಚಿಸಬೇಕು. ವರ್ಷಗಟ್ಟಲೆ ಗುತ್ತಿಗೆಯಲ್ಲೇ ದುಡಿಯುತ್ತಿರುವ ಸೇಡಂ, ಆಳಂದದ ಹುಡುಗಿಗಿಂತ ಹೊರಗಿನಿಂದ ಬಂದವರಿಗೆ ಜಾಸ್ತಿ ಕೊಟ್ಟರೆ ಆಕೆ ಉಳಿಯುತ್ತಾಳಾ? ಹೈದರಾಬಾದಿಗೆ ಇಲ್ಲಿಂದ ನೇರ ರೈಲಿದೆ.

ಆದರೂ ಜ್ವರದ ಸೀಸನ್ನಿಗೆ ಮಾತ್ರ ಅಂತ ಇಂಥ ತಂಡ ಬೇಕು ಅಂತಲೇ ನನ್ನ ಅಭಿಪ್ರಾಯ. ರಾಜ್ಯದೊಳಗಿನವರೇ ಬಂದರೆ ಒಳ್ಳೆಯದು. ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಅವರಿಗೆ ಆಗಲೇ ಇರುತ್ತದೆ, ಬಂದ ದಿನವೇ ಡ್ಯೂಟಿಗೆ ಹಾಕಬಹುದು. ಆಸ್ಪತ್ರೆ ಹತ್ತಿರ ಇರಲು ಮನೆ ಕೊಡಬೇಕು. ಮೊದಲ ಕೆಲವು ದಿನ ಸ್ಥಳೀಯ ನರ್ಸ್ ಜೊತೆಗೇ ಹಾಕಬೇಕು. ‘ಯಕ್ಕಾ, ಎದಿ ಹಿಡದಂಗ ಆಗ್ಲಿಕತ್ತದ’ ಅಂತ ಅಜ್ಜ ಅಂದರೆ ಬಂದವರಿಗೆ ತಟ್ಟನೆ ಅರ್ಥವಾಗಬೇಕು. ಬೀದರಿನಲ್ಲಾದರೆ ಉರ್ದು, ಮರಾಠಿಯೂ ಕಿವಿಗೆ ಬೀಳುತ್ತದೆ.

ಮುಖಗಳು ಮೂರು ತಿಂಗಳಿಗೊಮ್ಮೆ ಬದಲಾದರೆ ಯೂನಿಫಾರ್ಮ್‌ನ ಕೆಲಸ ಇನ್ನೂ ದೊಡ್ಡದಾಗುತ್ತದೆ. ಬಿಳಿ ಸೀರೆ, ಟೋಪಿಯ ಕಾಲ ಹೋಯಿತು. ಹೋಗಿದ್ದು ಒಳ್ಳೆಯದೇ. ಸೆರಗು ಹಾಸಿಗೆಗೆ ತಾಗುತ್ತಿತ್ತು, ಟೋಪಿ ಸಲೈನ್ ಸ್ಟ್ಯಾಂಡಿಗೆ ಸಿಕ್ಕುತ್ತಿತ್ತು. ಈಗ ಹಲವು ಕಡೆ ಬಣ್ಣದ ಸ್ಕ್ರಬ್ಸ್, ಅಂದರೆ ಸಡಿಲ ಅಂಗಿ-ಪ್ಯಾಂಟ್, ಬಂದಿದೆ. ಆದರೆ ನರ್ಸ್, ವಿದ್ಯಾರ್ಥಿನಿ, ಆಯಾ, ಲ್ಯಾಬಿನವರು ಎಲ್ಲರೂ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿದ್ದರೆ ರೋಗಿಯ ಕಡೆಯವರು ಯಾರನ್ನು ಕೇಳಬೇಕು? ಸಲೈನ್ ಮುಗಿದಿದೆ ಅಂತ ಆಯಾಗೆ ಹೇಳಿ, ನರ್ಸ್‌ಗೆ ಹೇಳಿದೆ ಅಂದುಕೊಂಡು ಕೂತವರನ್ನು ನಾನು ಕಂಡಿದ್ದೇನೆ. ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣ ಇರಲಿ. ಎದೆಯ ಮೇಲೆ ಹೆಸರು, ಹುದ್ದೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿರಲಿ.

ಬಟ್ಟೆ ಹತ್ತಿಯದ್ದೇ ಆಗಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಪಾಲಿಯೆಸ್ಟರ್ ಹಾಕಿಸುವುದು ಸರಿಯಲ್ಲ. ತೋಳು ಮೊಣಕೈ ಮೇಲಿದ್ದರೆ ಕೈ ಪೂರ್ತಿ ತೊಳೆಯಬಹುದು. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಒಗೆಯಲು ಆಸ್ಪತ್ರೆಯದ್ದೇ ಲಾಂಡ್ರಿ ಬೇಕು. ಇವತ್ತು ಎಷ್ಟೋ ಜನ ಡ್ಯೂಟಿಯ ಬಟ್ಟೆಯಲ್ಲೇ ಆಟೋ ಹತ್ತಿ, ಮನೆಯಲ್ಲಿ ಮಕ್ಕಳ ಬಟ್ಟೆ ಜೊತೆಗೇ ಅದನ್ನೂ ಒಗೆಯುತ್ತಿದ್ದಾರೆ.